ಪ್ರೆಸ್ ಉಳಿಸಲಿಕ್ಕೆ ಹೋಗಿ ಸಾಲ ಕುತ್ತಿಗೆಗೆ ಬಂದಿದೆ, ಅನುಭವ ಇದ್ದವರು ಹೇಳಿ

ಪ್ರಶ್ನೆ, ಸಂತೆಕಟ್ಟೆಯಿಂದ

ಉಡುಪಿ ಹತ್ತಿರ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಮದುವೆ ಕಾಗದ, ನೇಮದ (ಭೂತಕೋಲದ) ಕರಪತ್ರ, ಬಿಲ್ ಪುಸ್ತಕ, ಇದೇ ಕೆಲಸ. ಮೊದಲು ಐನೂರು ಕಾಗದ ಮಾಡಿಸುತ್ತಿದ್ದವರು ಈಗ ನೂರಕ್ಕೆ ನಿಲ್ಲಿಸುತ್ತಾರೆ, ಉಳಿದದ್ದು ವಾಟ್ಸಾಪ್. ಹುಡುಗರ ಸಂಬಳ, ಅಂಗಡಿ ಬಾಡಿಗೆ ನಿಲ್ಲಬಾರದು ಅಂತ ಸಾಲದ ಮೇಲೆ ಸಾಲ ಆಯಿತು. ಬ್ಯಾಂಕಿನ ಓಡಿ, ಅಂದರೆ ಓವರ್‌ಡ್ರಾಫ್ಟ್ ಸಾಲ, 6 ಲಕ್ಷ. ಸೊಸೈಟಿಯಲ್ಲಿ 3 ಲಕ್ಷ, ಭಾವ ಜಾಮೀನು. ಹೆಂಡತಿಯ ಚಿನ್ನದ ಮೇಲೆ 4 ಲಕ್ಷ. ಎರಡು ಕ್ರೆಡಿಟ್ ಕಾರ್ಡ್ ಸೇರಿ 2 ಲಕ್ಷ. ಮಂಗಳೂರಿನ ಪೇಪರ್ ಅಂಗಡಿಗೆ 1 ಲಕ್ಷ. ಕೈಸಾಲ ಒಂದೂವರೆ ಲಕ್ಷ, ಅದಕ್ಕೆ ತಿಂಗಳಿಗೆ 10 ಪರ್ಸೆಂಟ್ ಬಡ್ಡಿ, ಸಹಿ ಹಾಕಿದ ಖಾಲಿ ಚೆಕ್ ಅವರ ಹತ್ತಿರ ಉಂಟು. ಫೋನ್ ಬಂದರೆ ಎದೆ ಢವ ಢವ ಅನ್ನುತ್ತದೆ. ಯಾರಿಗೆ ಮೊದಲು ಕಟ್ಟುವುದು? ಅಂಗಡಿ ಮುಚ್ಚುವುದಾ?

ಕಂಕನಾಡಿಯಿಂದ, ಮೊದಲು ಫರ್ನಿಚರ್ ಅಂಗಡಿ ಇದ್ದವರು

ಜಾಸ್ತಿ ಕೂಗುವವರಿಗೆ ಮೊದಲು ಕಟ್ಟಬೇಡಿ ಮಾರಾಯ್ರೆ. ಎಲ್ಲರೂ ಮಾಡುವುದು ಅದನ್ನೇ. ಕಾರ್ಡಿನವರು ದಿನವಿಡೀ ಫೋನ್ ಮಾಡುತ್ತಾರೆ, ಗಲ್ಲಾದಲ್ಲಿ ಇದ್ದದ್ದು ಅವರಿಗೇ ಹೋಗುತ್ತದೆ. ಸೊಸೈಟಿಯವರು ಒಂದು ನೋಟಿಸ್ ಕಳಿಸಿ ಸುಮ್ನೆ ಕೂರುತ್ತಾರೆ. ಆಮೇಲೆ ನೋಡಿದರೆ ಸಹಕಾರ ಇಲಾಖೆಯಲ್ಲಿ ದಾವೆ ಆಗಿ, ಜಾಮೀನು ಹಾಕಿದವರ ಸಂಬಳದಲ್ಲಿ ಕಡಿತ ಶುರುವಾಗಿರುತ್ತದೆ. ಕಾನೂನಿನಲ್ಲಿ ಜಾಮೀನುದಾರನೂ ಸಾಲಗಾರನೂ ಒಂದೇ. ನನಗೆ ಜಾಮೀನು ಹಾಕಿದ್ದು ಚಿಕ್ಕಪ್ಪನ ಮಗ. ಇವತ್ತಿಗೂ ನಮ್ಮ ಮನೆಯ ಕಾರ್ಯಕ್ಕೆ ಬಂದರೆ ಕೈ ಮುಗಿದು, ಊಟಕ್ಕೆ ಕೂರದೆ ಹೋಗುತ್ತಾನೆ.

ಒಂದು ಹಾಳೆಯಲ್ಲಿ ಎಲ್ಲ ಬರೆಯಿರಿ. ಸಾಲ ಎಷ್ಟು, ಬಡ್ಡಿ ಎಷ್ಟು, ಕಟ್ಟದಿದ್ದರೆ ಇವರು ನನಗೆ ಏನು ಮಾಡಬಹುದು. ಆ ಮೂರನೆಯದು ಬರೆದಾಗಲೇ ಯಾರಿಗೆ ಹೆದರಬೇಕು, ಯಾರಿಗೆ ಬೇಡ ಅಂತ ಗೊತ್ತಾಗುವುದು.

ನಿಮ್ಮ ಪಟ್ಟಿಯಲ್ಲಿ ನನಗೆ ಹೆದರಿಕೆ ಆದದ್ದು ಆ ಒಂದೂವರೆ ಲಕ್ಷ. ತಿಂಗಳಿಗೆ 15,000 ಬರೀ ಬಡ್ಡಿ. ಹತ್ತು ತಿಂಗಳಲ್ಲಿ ಅಸಲಿನಷ್ಟು ಕಟ್ಟಿರುತ್ತೀರಿ, ಅಸಲು ಮಾತ್ರ ಇದ್ದಲ್ಲೇ ಇರುತ್ತದೆ. ಮೇಲಿಂದ ಚೆಕ್. ಅದನ್ನು ಬ್ಯಾಂಕಿಗೆ ಹಾಕಿ ಬೌನ್ಸ್ ಆದರೆ 30 ದಿನದೊಳಗೆ ನೋಟಿಸ್ ಕೊಡುತ್ತಾರೆ, ನೋಟಿಸ್ ಸಿಕ್ಕಿದ ಮೇಲೆ ನಿಮಗೆ 15 ದಿನ. ಅಷ್ಟರಲ್ಲಿ ಕಟ್ಟದಿದ್ದರೆ ಕ್ರಿಮಿನಲ್ ಕೇಸು. 2 ವರ್ಷದವರೆಗೆ ಜೈಲು, ಇಲ್ಲವೇ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ. ಎರಡೂ ಆಗಬಹುದು. ಮೊತ್ತ ಬರೆದದ್ದು ನಾನಲ್ಲ ಅಂದರೆ ನಡೆಯುವುದಿಲ್ಲ. ಸಹಿ ನಿಮ್ಮದಾದರೆ ಸಾಕು ಅಂತ 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನೋಟಿಸ್ ಬಂದರೆ ಮೇಜಿನ ಡ್ರಾಯರಿಗೆ ಹಾಕಿ ಕೂರಬೇಡಿ, ಅದೇ ವಾರ ವಕೀಲರ ಹತ್ತಿರ ಹೋಗಿ.

ಆದರೆ ಆ ಕೈಸಾಲ ಕೊಟ್ಟವರ ಕೈಯೂ ಅಷ್ಟು ಗಟ್ಟಿ ಇಲ್ಲ. ಬಡ್ಡಿ ವ್ಯವಹಾರಕ್ಕೆ 1961ರ ಲೇವಾದೇವಿ ಕಾಯ್ದೆಯಂತೆ ಲೈಸೆನ್ಸ್ ಬೇಕು. ಲೈಸೆನ್ಸ್ ಇದ್ದರೂ ಅಡವಿಲ್ಲದ ಸಾಲಕ್ಕೆ ವರ್ಷಕ್ಕೆ 16 ಪರ್ಸೆಂಟ್ ದಾಟುವಂತಿಲ್ಲ. ಇವರು ತೆಗೆದುಕೊಳ್ಳುವುದು ವರ್ಷಕ್ಕೆ 120. ಅದರ ಮೇಲೆ 2025ರಲ್ಲಿ ಕಿರುಸಾಲದ ಹೊಸ ಕಾಯ್ದೆ ಬಂತು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಬ್ಯಾಂಕಿಗೂ ಆರ್‌ಬಿಐ ನೋಂದಣಿ ಇರುವ ಫೈನಾನ್ಸ್ ಕಂಪನಿಗೂ ಅದು ತಾಗುವುದಿಲ್ಲ, ಇಂಥವರಿಗೆ ತಾಗುತ್ತದೆ. ಜಗಳ ಬೇಡ. ವಕೀಲರನ್ನು ಕೂರಿಸಿಕೊಂಡು ಈವರೆಗೆ ಕಟ್ಟಿದ ಬಡ್ಡಿಯ ಲೆಕ್ಕ ಮುಂದಿಡಿ, ಉಳಿದದ್ದಕ್ಕೆ ಒಂದು ಮೊತ್ತ ಹೇಳಿ. ಹಣ ಒಂದು ಕೈಯಲ್ಲಿ, ಚೆಕ್ ಇನ್ನೊಂದು ಕೈಯಲ್ಲಿ. ನಾನು ಹಾಗೇ ಮಾಡಿ ಬಿಡಿಸಿಕೊಂಡದ್ದು.

ಕಾರ್ಡಿನವರದ್ದು ಬಾಯಿ ಜೋರು. ಕಾರ್ಡ್ ಬಾಕಿಗೆ ಪೊಲೀಸರು ಬಂದು ಹಿಡಿದುಕೊಂಡು ಹೋಗುವುದಿಲ್ಲ, ಅದು ಸಿವಿಲ್ ವಿಷಯ. ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಮಾಡಿದರೆ ಬ್ಯಾಂಕಿಗೆ ಬರೆದು ದೂರು ಕೊಡಿ. 30 ದಿನದಲ್ಲಿ ಉತ್ತರ ಸರಿ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್ ಉಂಟು, 14448ಕ್ಕೆ ಕೇಳಿದರೆ ದಾರಿ ಹೇಳುತ್ತಾರೆ. ಹಾಗಂತ ಕಾರ್ಡ್ ಸಾಲ ಬಿಟ್ಟುಹಾಕುವಂಥದ್ದಲ್ಲ. ತಿಂಗಳಿಗೆ ಮೂರೂವರೆ ಪರ್ಸೆಂಟ್ ಅಂದರೆ ವರ್ಷಕ್ಕೆ 42. ಮಿನಿಮಮ್ ಡ್ಯೂ ಕಟ್ಟುತ್ತಾ ಹೋದರೆ ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ. ಕಡಿಮೆ ಮೊತ್ತಕ್ಕೆ ಮುಗಿಸುವ ಸೆಟಲ್‌ಮೆಂಟ್ ಅಂತ ಬಂದರೆ ಮೊದಲು ಬ್ಯಾಂಕಿನ ಪತ್ರ, ಆಮೇಲೆ ಹಣ. ಏಜೆಂಟನ ಬಾಯಿಮಾತಿಗೆ ಒಂದು ರೂಪಾಯಿ ಕೊಡಬೇಡಿ. ನಮ್ಮ ಸಾಲದ ಚರಿತ್ರೆ ಇಡುವ ಸಿಬಿಲ್‌ನಲ್ಲಿ ‘ಸೆಟಲ್ಡ್’ ಅಂತ ಬೀಳುತ್ತದೆ, ಮುಂದೆ ಸಾಲ ಸಿಗುವುದು ಕಷ್ಟ. ಸಿಗದಿರುವುದೇ ಒಳ್ಳೆಯದು ಅಂತ ನನ್ನ ಹೆಂಡತಿ ಹೇಳಿದಳು.

ಓಡಿ ವಿಷಯಕ್ಕೆ ಮ್ಯಾನೇಜರನ್ನು ನೀವೇ ಹೋಗಿ ನೋಡಿ. 90 ದಿನ ಬಾಕಿ ನಿಂತು ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆದ ಮೇಲೆ ಅವರ ಕೈಯಲ್ಲೂ ಜಾಸ್ತಿ ಉಳಿಯುವುದಿಲ್ಲ. ಅದಕ್ಕಿಂತ ಮೊದಲೇ ಓಡಿಯನ್ನು ಕಂತಿನ ಸಾಲ ಮಾಡಿಕೊಡಿ ಅಂತ ಬರೆದು ಕೊಟ್ಟು, ಸೀಲ್ ಹಾಕಿದ ಪ್ರತಿ ಇಟ್ಟುಕೊಳ್ಳಿ. ಮನೆ ಅಡವು ಉಂಟಾ, ಅದನ್ನು ನೀವು ಹೇಳಲಿಲ್ಲ. ಇದ್ದರೆ ಓಡಿಯೂ ಪಟ್ಟಿಯ ಮೇಲೆ ಬರಬೇಕು.

ಸುರತ್ಕಲ್‌ನಿಂದ, ಟೈಲರಿಂಗ್

ಚಿನ್ನ ಪೂರಾ ಬಿಡಿಸಬೇಕು ಅನ್ನುವ ಹಟ ಬೇಡ. ಅಡವಿಟ್ಟಾಗಿನ ರೇಟಿಗೂ ಈಗಿನದಕ್ಕೂ ವ್ಯತ್ಯಾಸ ನೋಡಿ. ಒಂದು ಭಾಗ ಮಾರಿ ಕೈಸಾಲ ಮುಗಿಸಿ. ಬಡ್ಡಿಯೇ ನಿಂತರೆ ಉಳಿದ ಚಿನ್ನ ಬಿಡಿಸಲಿಕ್ಕೆ ಆಗುತ್ತದೆ.

ಕಾರ್ಕಳದಿಂದ, ಗೃಹಿಣಿ

ಚಿನ್ನ ಮಾರಿ ಅಂತ ಸಲಹೆ ಕೊಡುವವರೆಲ್ಲ ಗಂಡಸರೇ ಅಲ್ವಾ! ಲೆಕ್ಕ ಸರಿಯೇ ಇರಬಹುದು. ಆದರೆ ಅದು ನಿಮ್ಮ ಹೆಂಡತಿಯ ಚಿನ್ನ. ಎಲ್ಲ ಸಾಲ ಅವರಿಗೆ ಗೊತ್ತುಂಟಾ? ನನ್ನ ಯಜಮಾನರು ಗ್ಯಾರೇಜಿನ ಸಾಲವನ್ನು ಮುಚ್ಚಿಟ್ಟಿದ್ದರು. ಫೋನ್ ಬಂದ ಕೂಡಲೇ ಅಂಗಳಕ್ಕೆ ಹೋಗಿ ಮಾತಾಡುವುದು, ಅನ್ನ ಕಲಸಿ ಹಾಗೇ ಬಿಡುವುದು. ನಾನು ಬೇರೆ ಏನೇನೋ ಅಂದುಕೊಂಡಿದ್ದೆ. ಸಾಲ ಅಂತ ಗೊತ್ತಾದಾಗ ನಿಜ ಹೇಳಬೇಕೆಂದರೆ ಸ್ವಲ್ಪ ಸಮಾಧಾನವೇ ಆಯಿತು. ಬಳೆ ಮಾರುವುದು ನಾನೇ ಹೇಳಿದ್ದು, ಅವರಲ್ಲ.

ಎದೆ ಢವ ಢವ ಅಂದಿರಿ. ನಿದ್ದೆ ಇಲ್ಲ, ಬದುಕಿ ಏನು ಪ್ರಯೋಜನ ಅಂತ ಅನಿಸುವುದು ಇದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮವರು ಮೊದಲು ಬೇಡ ಅಂದರು, ಆಮೇಲೆ ಉಡುಪಿಯ ಅಜ್ಜರಕಾಡು ಸರಕಾರಿ ಆಸ್ಪತ್ರೆಗೂ ಬಂದರು.

ಮಲ್ಪೆಯಿಂದ, ಕ್ಯಾಂಟೀನ್

ನನ್ನ ಕಷ್ಟ ಬೇರೆ ರೀತಿಯದ್ದು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆ ಬಂದ್. ಬಂದರಿನಲ್ಲಿ ಜನವೇ ಇಲ್ಲ, ಕಂತು ಮಾತ್ರ ನಿಲ್ಲುವುದಿಲ್ಲ. ನಿಮಗೂ ಮಳೆಗಾಲದ ಆಟಿ ತಿಂಗಳಲ್ಲಿ ಮದುವೆ ಇಲ್ಲ, ಕಾಗದ ಇಲ್ಲ, ಅದೇ ಕಥೆ. ಸೊಸೈಟಿಯಲ್ಲಿ ಮಾತಾಡಿ ಮಳೆಗಾಲದ ಕಂತು ಸಣ್ಣದು ಮಾಡಿಸಿದೆ. ಉಳಿದ ತಿಂಗಳಲ್ಲಿ ದಿನಾ ಪಿಗ್ಮಿ ಉಳಿತಾಯಕ್ಕೆ ಸ್ವಲ್ಪ ಸ್ವಲ್ಪ ಹಾಕಿ, ತಿಂಗಳ ಕೊನೆಗೆ ಅದನ್ನೇ ಕಂತಿಗೆ ತಿರುಗಿಸುವುದು. ಪಿಗ್ಮಿ 1928ರಲ್ಲಿ ಉಡುಪಿಯಲ್ಲೇ ಶುರುವಾದದ್ದು, ನಮಗೆ ಯಾರೂ ಕಲಿಸಬೇಕಾಗಿಲ್ಲ. ದಿನದ ವ್ಯಾಪಾರದವನ ಹತ್ತಿರ ತಿಂಗಳಿಗೊಮ್ಮೆ ದೊಡ್ಡ ಮೊತ್ತ ಕೇಳಿದರೆ ಎಲ್ಲಿ ಇರುತ್ತದೆ? ಪಿಗ್ಮಿಯವನು ಸಂಜೆ ಮಿಷನ್ ಹಿಡಿದು ಕೌಂಟರ್ ಎದುರು ನಿಂತರೆ ಕೊಡಲೇಬೇಕು.

ಬೈಕಂಪಾಡಿಯಿಂದ, ವರ್ಕ್‌ಶಾಪ್

ಮುಚ್ಚುವುದಾ ಅಂತ ಕೇಳಿದಿರಿ, ಯಾರೂ ಉತ್ತರ ಕೊಡಲಿಲ್ಲ. ಸಾಲ ಎಲ್ಲ ಬದಿಗಿಟ್ಟು ಒಂದೇ ಲೆಕ್ಕ ಹಾಕಿ. ಪೇಪರ್, ಇಂಕ್, ಸಂಬಳ, ಬಾಡಿಗೆ, ಕರೆಂಟ್ ಕಳೆದು ತಿಂಗಳಿಗೆ ಏನಾದರೂ ಉಳಿಯುತ್ತದಾ? ಉಳಿದರೆ ನಡೆಸಿ. ಉಳಿಯದಿದ್ದರೆ ಒಂದು ದಿನವೂ ತಡ ಮಾಡಬೇಡಿ, ಹೊಸ ಸಾಲ ತಂದು ಸಂಬಳ ಕೊಡುವುದು ಉಪಕಾರ ಅಲ್ಲ. ಮುಚ್ಚುವುದಾದರೆ ಶಟರ್ ಎಳೆದರೆ ಸಾಲದು. ಜಿಎಸ್‌ಟಿ ನೋಂದಣಿ ರದ್ದು ಮಾಡಿಸಿ. ವ್ಯಾಪಾರ ಇಲ್ಲದಿದ್ದರೂ ರಿಟರ್ನ್ ಹಾಕದಿದ್ದರೆ ದಿನಕ್ಕೆ 20 ರೂಪಾಯಿ ಲೇಟ್ ಫೀ ಓಡುತ್ತಿರುತ್ತದೆ. ಮಿಷನ್ ಬ್ಯಾಂಕಿಗೆ ಹೈಪಾಥಿಕೇಶನ್ (ಸಾಲಕ್ಕೆ ಅಡವು) ಆಗಿದ್ದರೆ ಅವರ ಒಪ್ಪಿಗೆ ಪತ್ರ ಇಲ್ಲದೆ ಮಾರಬೇಡಿ, ಅದು ಬೇರೆಯೇ ಕೇಸಾಗುತ್ತದೆ.

ಸಂತೆಕಟ್ಟೆ, ಮತ್ತೆ

ಎಲ್ಲರಿಗೂ ಉಪಕಾರ. ಮನೆ ಅಡವು ಇಲ್ಲ, ಮಿಷನ್ ಮಾತ್ರ. ಲೆಕ್ಕ ಹಾಕಿದೆ, ಬಡ್ಡಿ ಬಿಟ್ಟರೆ ಸ್ವಲ್ಪ ಉಳಿಯುತ್ತದೆ. ಬರಬೇಕಾದ ಉದ್ರಿಯೂ ಸುಮಾರು ಉಂಟು. ಅರ್ಧ ದೇವಸ್ಥಾನಗಳ ಬ್ರಹ್ಮಕಲಶ ಉತ್ಸವದ ಸಮಿತಿಗಳದ್ದು, ದೇವರ ಕೆಲಸ ಅಂತ ಕೇಳಲಿಕ್ಕೆ ನಾಚಿಕೆ. ಇನ್ನೊಂದು, ಪೇಪರ್ ಅಂಗಡಿಯವರ ಎದುರು ಹೋಗುವ ಮುಖ ಇಲ್ಲ, ಆ ರಸ್ತೆಯನ್ನೇ ಬಿಟ್ಟಿದ್ದೇನೆ.

ಮಂಗಳೂರು ಬಂದರ್‌ನಿಂದ, ಹೋಲ್‌ಸೇಲ್

ನಾನು ಪೇಪರ್‌ನವನಲ್ಲ, ಆದರೆ ಉದ್ರಿ ಕೊಡುವವನು. ಈ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ನಮ್ಮ ಪುಸ್ತಕದಲ್ಲಿ ಬಾಕಿ ಇರುವ ಎಲ್ಲರ ಮೇಲೂ ನಮಗೆ ಸಿಟ್ಟು ಇರುವುದಿಲ್ಲ. ಫೋನ್ ಎತ್ತದವನು, ನಮ್ಮ ಬಾಕಿ ಇಟ್ಟು ಪಕ್ಕದ ಅಂಗಡಿಯಿಂದ ಕ್ಯಾಶ್ ಕೊಟ್ಟು ಮಾಲು ಒಯ್ಯುವವನು, ಅವರ ಮೇಲೆ ವಕೀಲರ ನೋಟಿಸ್ ಹೋಗುವುದು. ಮಧ್ಯಾಹ್ನ ಊಟದ ಹೊತ್ತಿಗೆ ಬನ್ನಿ, ಗಿರಾಕಿ ಇರುವುದಿಲ್ಲ. ಹಳೆಯ ಬಾಕಿ ಇಷ್ಟು, ಅದನ್ನು ಪಕ್ಕಕ್ಕಿಡಿ, ತಿಂಗಳಿಗೆ ಇಷ್ಟು ಕೊಡುತ್ತೇನೆ, ಹೊಸ ಪೇಪರ್ ಕ್ಯಾಶಿಗೆ ಒಯ್ಯುತ್ತೇನೆ ಅನ್ನಿ. ಕೊಡಲಿಕ್ಕೆ ಆಗುವಷ್ಟೇ ಹೇಳಿ. ಹತ್ತು ಸಾವಿರ ಅಂತ ಹೇಳಿ ತಪ್ಪಿಸುವವನಿಗಿಂತ ಮೂರು ಸಾವಿರ ಸರಿಯಾಗಿ ತಂದುಕೊಡುವವನು ನಮಗೆ ಬೇಕು.

ಸಮಿತಿಯವರ ಹತ್ತಿರವೂ ಹಾಗೇ. ಅವರಿಗೆ ಲೆಕ್ಕಪತ್ರ ಒಪ್ಪಿಸುವ ಸಭೆ ಅಂತ ಒಂದು ಇರುತ್ತದೆ, ಅದಕ್ಕಿಂತ ಮೊದಲು ಬಿಲ್ ಕೈಯಲ್ಲಿ ಹಿಡಿದು ಖಜಾಂಚಿಯ ಮನೆಗೇ ಹೋಗಿ. ಹಣ ಕೊಡದಿದ್ದರೆ ‘ಬಾಕಿ ಇದೆ’ ಅಂತ ಬಿಲ್ಲಿನ ಮೇಲೆ ತಾರೀಕು ಹಾಕಿ ಸಹಿ ಮಾಡಿಸಿಕೊಳ್ಳಿ. ಮೂರು ವರ್ಷ ದಾಟಿದರೆ ಕೋರ್ಟಿನಲ್ಲಿ ಕೇಳಲಿಕ್ಕೆ ಆಗುವುದಿಲ್ಲ, ಅಷ್ಟರೊಳಗೆ ಸಹಿ ಬಿದ್ದರೆ ಆ ದಿನದಿಂದ ಮತ್ತೆ ಮೂರು ವರ್ಷ. ರಾಜಿಗೆ ಬರುವವರಿದ್ದರೆ ಲೋಕ ಅದಾಲತ್ ಉಂಟು, ಕೇಸು ಹಾಕುವ ಮೊದಲೂ ಹೋಗಬಹುದು, ಫೀಸು ಇಲ್ಲ. ಉಡುಪಿ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಬ್ಯಾಂಕಿನವರೂ ಅಲ್ಲಿಗೆ ಬರುತ್ತಾರೆ, ಓಡಿ ವಿಷಯ ಕೂಡ ಒಟ್ಟಿಗೇ ಕೇಳಿಬಿಡಿ.