ಅಪ್‌ಡೇಟ್: ಮಗಳ ಕುದುರೆ ಥೆರಪಿ ಶುರುವಾಯಿತು

ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು, ಸ್ನಾಯುಗಳ ಹತೋಟಿ ಕಷ್ಟವಾಗುವ ಸ್ಥಿತಿ) ಇರುವ ಮಗಳಿಗೆ ಕುದುರೆ ಥೆರಪಿಯಲ್ಲಿ ಏನೇನು ಮಾಡಿಸುತ್ತಾರೆ ಅಂತ ಮಳೆಗಾಲಕ್ಕೆ ಮುಂಚೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಈಗ ಗೋಣಿಕೊಪ್ಪದ ಹತ್ತಿರ ಹೋಗುತ್ತಿದ್ದೇವೆ.

ಮೊದಲ ದಿನ ಕುದುರೆ ಹತ್ತಿಸಲೇ ಇಲ್ಲ. ಸುಮ್ನೆ ಬ್ರಷ್ ಮಾಡಿಸಿದರು, ಮುಟ್ಟಿಸಿದರು. ನನಗೆ ಸ್ವಲ್ಪ ಸಿಟ್ಟು ಬಂತು, ಮಗಳಿಗೆ ಮಾತ್ರ ಅದೇ ಇಷ್ಟವಾಯಿತು.

ಆಮೇಲೆ ಹೆಲ್ಮೆಟ್ ಹಾಕಿಸಿ ಹತ್ತಿಸಿದರು. ಒಬ್ಬರು ಕುದುರೆ ಹಿಡಿದು ನಡೆಸುತ್ತಾರೆ, ಎರಡೂ ಪಕ್ಕದಲ್ಲಿ ಒಬ್ಬೊಬ್ಬರು ಇರುತ್ತಾರೆ. ಓಡಿಸುವುದಿಲ್ಲ, ಬರೀ ನಡಿಗೆ. ಕುದುರೆ ನಡೆಯುವಾಗ ಕೂತವರ ಸೊಂಟ ಹಿಂದೆ ಮುಂದೆ, ಅಕ್ಕಪಕ್ಕ ಆಡುತ್ತದೆ, ಸ್ವಲ್ಪ ತಿರುಗುತ್ತದೆ. ನಾವು ನಡೆಯುವಾಗಲೂ ಹೀಗೇ ಅಲ್ವಾ? ಬೀಳದಂತೆ ಕೂರಲು ಬೆನ್ನು, ಹೊಟ್ಟೆಯ ಸ್ನಾಯುಗಳು ಕೆಲಸ ಮಾಡಲೇಬೇಕು. ಫಿಸಿಯೋಥೆರಪಿಸ್ಟ್ ನಡುನಡುವೆ ಕುದುರೆ ನಿಲ್ಲಿಸಿ, ತಿರುಗಿಸಿ, ವೇಗ ಬದಲಿಸುತ್ತಾರೆ. ಅರ್ಧ ಗಂಟೆಗೇ ಮಗಳು ಸುಸ್ತು. ಇದು ಸವಾರಿ ಕ್ಲಾಸ್ ಅಲ್ಲ.

ಪೋಲಿಯೋದಿಂದ ಮೊಣಕಾಲಿನ ಕೆಳಗೆ ಬಲ ಕಳೆದುಕೊಂಡ ಡೆನ್ಮಾರ್ಕ್‌ನ ಲಿಸ್ ಹಾರ್ಟೆಲ್ 1952ರ ಒಲಿಂಪಿಕ್ಸ್‌ನಲ್ಲಿ ಕುದುರೆ ಸವಾರಿಯಲ್ಲಿ ಬೆಳ್ಳಿ ಗೆದ್ದಿದ್ದರು. ನಮ್ಮತ್ತೆಗೆ ಈ ಕಥೆ ಹೇಳಿದ ಮೇಲೆ ಗೊಣಗಾಟ ನಿಂತಿತು!

ಹೋಗುವವರು ಡಾಕ್ಟರನ್ನು ಮೊದಲೇ ಕೇಳಿ. ಹತೋಟಿಗೆ ಬಾರದ ಫಿಟ್ಸ್, ಸೊಂಟದ ಕೀಲಿನ ತೊಂದರೆ ಇದ್ದರೆ ಬೇಡ ಅನ್ನಬಹುದು. ಡೌನ್ ಸಿಂಡ್ರೋಮ್ ಇದ್ದರೆ ಕತ್ತಿನ ಮೂಳೆ ಪರೀಕ್ಷೆ ಬೇಕು. ಮಾಮೂಲಿ ಫಿಸಿಯೋಥೆರಪಿ ನಾವು ಬಿಟ್ಟಿಲ್ಲ. ಜೋರು ಮಳೆ ಬಂದರೆ ಸೆಷನ್ ಕ್ಯಾನ್ಸಲ್, ಹೊರಡುವ ಮುಂಚೆ ಫೋನ್ ಮಾಡಿಬಿಡಿ.