ಫೌಜಿ ಮನೆಯ ಅಜ್ಜಿಯ ನೆನಪಿನ ಪುಸ್ತಕ: ಪತ್ರ, ಫೋಟೊ, ಟ್ರಂಕು ಇಟ್ಟುಕೊಂಡು ಎಲ್ಲಿಂದ ಶುರು ಮಾಡಲಿ?

ಹೇಮಾವತಿ ತೀರ (ಪ್ರಶ್ನೆ)

ನಮ್ಮಜ್ಜಿ ಆಲ್ಝೈಮರ್‌ನಿಂದ ತೀರಿಕೊಂಡು ಎಂಟು ತಿಂಗಳಾಯಿತು. ತಾತ ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರು, ಅಜ್ಜಿಗಿಂತ ಮೊದಲೇ ಹೋದರು. ವರ್ಷದ ತಿಥಿಯ ಹೊತ್ತಿಗೆ ಅಜ್ಜಿಯ ಬದುಕಿನ ಒಂದು ಚಿಕ್ಕ ಪುಸ್ತಕ ಮಾಡಿ ಮಕ್ಕಳು ಮೊಮ್ಮಕ್ಕಳಿಗೆಲ್ಲ ಒಂದೊಂದು ಪ್ರತಿ ಕೊಡಬೇಕೆಂದಿದೆ. ಕೈಯಲ್ಲಿರುವುದು ಒಂದು ಕಪ್ಪು ಟ್ರಂಕು, ಅರವತ್ತರಷ್ಟು ಇನ್‌ಲ್ಯಾಂಡ್ ಪತ್ರ, ಅಂಟು ಹಾಳೆಯ ಎರಡು ಆಲ್ಬಂ, ಗಾಜಿಗೆ ಅಂಟಿಹೋದ ಮದುವೆ ಫೋಟೊ, ಮೂರು ಪದಕ, ತಾತನ ಡಿಸ್ಚಾರ್ಜ್ ಬುಕ್. ಎಷ್ಟೋ ಪತ್ರಗಳಲ್ಲಿ ತಾರೀಕೇ ಇಲ್ಲ. ಇವನ್ನು ಯಾವ ಕ್ರಮದಲ್ಲಿ ಜೋಡಿಸುವುದು? ಮದುವೆ ಫೋಟೊ ಬಿಡಿಸುವುದು ಹೇಗೆ? ಕಾಯಿಲೆಯ ವರ್ಷಗಳಲ್ಲಿ ಅಜ್ಜಿ ಹೇಳಿದ ಕಥೆಗಳನ್ನು ಪುಸ್ತಕಕ್ಕೆ ಹಾಕಬಹುದೇ?

ಕಡತ ಬಲ್ಲವ

ಮೊದಲು ಒಂದು ದೊಡ್ಡ ಹಾಳೆಯಲ್ಲಿ ಎರಡು ಕಂಬ ಎಳೆಯಿರಿ. ಎಡಕ್ಕೆ ತಾತನ ಪೋಸ್ಟಿಂಗ್, ಬಲಕ್ಕೆ ಆ ವರ್ಷ ಅಜ್ಜಿಯ ಒಲೆ ಎಲ್ಲಿ ಉರಿಯುತ್ತಿತ್ತು ಎನ್ನುವುದು. ಇವೆರಡೂ ಒಂದೇ ಎಂದುಕೊಳ್ಳುವುದೇ ಇಂಥ ಪುಸ್ತಕಗಳಲ್ಲಿ ಆಗುವ ದೊಡ್ಡ ತಪ್ಪು. ಫೀಲ್ಡ್ ಪೋಸ್ಟಿಂಗ್‌ಗೆ, ಅಂದರೆ ಗಡಿಯಂಥ ಕಡೆಯ ಕೆಲಸಕ್ಕೆ, ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿರಲಿಲ್ಲ. ಪೀಸ್ ಸ್ಟೇಷನ್, ಅಂದರೆ ಒಳನಾಡಿನ ದಂಡುಪ್ರದೇಶ ಸಿಕ್ಕಿ, ಕ್ವಾರ್ಟರ್ಸ್ ಸರದಿ ಬಂದರೆ ಮಾತ್ರ ಒಟ್ಟಿಗೆ ಸಂಸಾರ. ಉಳಿದ ವರ್ಷಗಳಲ್ಲಿ ಗದ್ದೆ, ದನ, ಅತ್ತೆ ಮಾವ, ಮಕ್ಕಳ ಜ್ವರ ಎಲ್ಲ ಊರಲ್ಲಿ ಅವರೊಬ್ಬರ ತಲೆ ಮೇಲೆ. ಮಿಲಿಟರಿ ಕಾಗದಗಳಲ್ಲಿ ಇದರ ಒಂದು ಸಾಲೂ ಸಿಗುವುದಿಲ್ಲ.

ಪತ್ರಗಳ ಕಾಲ ಗೊತ್ತುಮಾಡಲು ಒಳಗಿನ ಒಕ್ಕಣೆಗಿಂತ ಹೊರಗಿನ ವಿಳಾಸ ನೋಡಿ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ; ಪಿನ್ ಇದ್ದರೆ ಪತ್ರ ಖಂಡಿತ ಅದರ ನಂತರದ್ದು. ಇಲ್ಲದಿದ್ದರೆ ಹಳೆಯದೇ ಎಂದು ತೀರ್ಮಾನಿಸಬೇಡಿ, ಬಹಳ ಜನ ವರ್ಷಗಟ್ಟಲೆ ಪಿನ್ ಬರೆಯುತ್ತಲೇ ಇರಲಿಲ್ಲ. 'ಮೈಸೂರು ರಾಜ್ಯ' ಎಂದಿದ್ದರೆ ಬಹುಪಾಲು 1973ರ ನವೆಂಬರ್ 1ಕ್ಕಿಂತ ಹಿಂದಿನದು. ಊರಿನಿಂದ ಹೋದ ಪತ್ರದ ಮೇಲೆ ನಿರಾಶ್ರಿತರ ಪರಿಹಾರದ 5 ಪೈಸೆ ಚೀಟಿ ಇದ್ದರೆ ಅದು 1971ರ ನವೆಂಬರ್‌ನಿಂದ 1973ರ ಮಾರ್ಚ್ ಒಳಗಿನದು.

ತಾತನ ವಿಳಾಸದಲ್ಲಿ 56 ಎಪಿಓ ಅಂತಲೋ 99 ಎಪಿಓ ಅಂತಲೋ ಇರುತ್ತದೆ (ಎಪಿಓ ಎಂದರೆ ಸೇನೆಯ ಅಂಚೆ ಕಚೇರಿ). 99 ಎಂದರೆ ಪೂರ್ವದ ಕಡೆ, 56 ಎಂದರೆ ಉತ್ತರ, ಪಶ್ಚಿಮದ ಕಡೆ. ಅಷ್ಟೇ ತಿಳಿಯುತ್ತದೆ. ಮುದ್ರೆಯಲ್ಲಿರುವ ಫೀಲ್ಡ್ ಪೋಸ್ಟಾಫೀಸಿನ ನಂಬರನ್ನು ಊರಿನ ಹೆಸರೆಂದು ತಿಳಿಯಬೇಡಿ, ಆ ಪೋಸ್ಟಾಫೀಸು ಪಡೆಯ ಜತೆಗೇ ಜಾಗ ಬದಲಿಸುತ್ತದೆ. ಜಾಗ ಗೊತ್ತಾಗಲು ಪದಕಗಳನ್ನು ನೋಡಿ. ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ ಎರಡೂ 1971ರ ಯುದ್ಧದವು, ಹೆಸರೇ ದಿಕ್ಕು ಹೇಳುತ್ತದೆ. ಸಮರ್ ಸೇವಾ ಸ್ಟಾರ್ 1965ರದ್ದು. ದುಂಡು ಪದಕದ ಅಂಚಿನಲ್ಲಿ ನಂಬರು, ಹೆಸರು ಕೊರೆದಿರುತ್ತದೆ. ಬ್ರಾಸೋ ಹಾಕಿ ಉಜ್ಜಿದರೆ ಮೊದಲು ಸವೆಯುವುದು ಆ ಅಕ್ಷರಗಳೇ. ಒಣ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಬೆಂಗಳೂರಿನ ಎಂಇಜಿ (ಮದ್ರಾಸ್ ಸ್ಯಾಪರ್ಸ್‌ನ ಅಧಿಕೃತ ಹೆಸರು, ಮದ್ರಾಸ್ ಎಂಜಿನಿಯರ್ ಗ್ರೂಪ್) ರೆಕಾರ್ಡ್ಸ್ ಕಚೇರಿಗೆ ತಾತನ ಆರ್ಮಿ ನಂಬರು ಹಾಕಿ, ನೀವು ವಾರಸುದಾರರು ಎನ್ನುವ ಪುರಾವೆ ಲಗತ್ತಿಸಿ ಇವತ್ತೇ ಅರ್ಜಿ ಬರೆಯಿರಿ, ಉತ್ತರ ಬರಲು ಸಮಯ ಹಿಡಿಯುತ್ತದೆ. ಸೇವಾ ವಿವರದ ಜೊತೆಗೆ 'ಪಾರ್ಟ್ ಟೂ ಆರ್ಡರ್' ನಮೂದುಗಳನ್ನೂ ಕೇಳಿ. ಮದುವೆ, ಮಕ್ಕಳ ಜನನ ಅದರಲ್ಲಿ ದಾಖಲಾಗುತ್ತವೆ. ಇಡೀ ಕಡತದಲ್ಲಿ ಅಜ್ಜಿಯ ಹೆಸರು ಕಾಣುವ ಕೆಲವೇ ಜಾಗಗಳಲ್ಲಿ ಅದೊಂದು.

ಬಲಗಡೆಯ ಕಂಬ ತುಂಬುವುದು ಮಕ್ಕಳ ಕಾಗದಗಳಿಂದ. ಮಿಲಿಟರಿ ಆಸ್ಪತ್ರೆಯ ಜನನ ಪತ್ರ, ಪ್ರತಿ ಶಾಲೆಯ ಟಿಸಿ. ಒಂದು ಟಿಸಿಯಲ್ಲಿ ಸೇರಿದ ದಿನ, ಬಿಟ್ಟ ದಿನ ಎರಡೂ ಇರುತ್ತವೆ, ಅಂದರೆ ಅಜ್ಜಿ ಆ ಊರಿಗೆ ಬಂದದ್ದು, ಗಂಟುಮೂಟೆ ಕಟ್ಟಿದ್ದು. ಮನಿಯಾರ್ಡರ್ ಫಾರಂನ ಹರಿದುಕೊಳ್ಳುವ ತುಂಡು ಟ್ರಂಕಿನ ತಳದಲ್ಲಿ ಸಿಕ್ಕರೆ ಎಸೆಯಬೇಡಿ, ಎರಡು ಸಾಲು ಒಕ್ಕಣೆಯೂ ಮುದ್ರೆಯೂ ಅದರಲ್ಲಿರುತ್ತವೆ.

ಹಳೇ ಫೋಟೊ

ಗಾಜಿಗೆ ಅಂಟಿದ ಫೋಟೊ ಬಿಡಿಸಬೇಡಿ. ಮಳೆಗಾಲದ ತೇವಕ್ಕೆ ಫೋಟೊ ಮೇಲಿನ ಜೆಲಟಿನ್ ಪದರ ಮೆತ್ತಗಾಗಿ ಗಾಜನ್ನು ಹಿಡಿದಿರುತ್ತದೆ. ಎಳೆದರೆ ಮುಖಗಳು ಗಾಜಿನಲ್ಲಿ ಉಳಿದು ಕಾಗದ ಮಾತ್ರ ಕೈಗೆ ಬರುತ್ತದೆ. ಗಾಜಿನ ಸಮೇತ ಚಿತ್ರ ತೆಗೆಯಿರಿ: ಕ್ಯಾಮೆರಾ ಸ್ಟ್ಯಾಂಡಿನ ಮೇಲೆ, ಎರಡೂ ಪಕ್ಕ 45 ಡಿಗ್ರಿಯಲ್ಲಿ ಒಂದೊಂದು ದೀಪ, ಫ್ಲಾಶ್ ಬೇಡ, ಪ್ರತಿಫಲನ ಬೀಳದಂತೆ ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆ. ತೆಳ್ಳನೆಯ ಅಗ್ಗದ ಸ್ಕ್ಯಾನರ್ ಇದಕ್ಕೆ ಆಗದು. ಗಾಜಿನ ದಪ್ಪದಷ್ಟು ದೂರಕ್ಕೇ ಮಸುಕಾಗುತ್ತದೆ.

ಅಂಟು ಹಾಳೆಯ ಆಲ್ಬಂಗಳದ್ದು ಬೇರೆ ಕಥೆ. ಆ ಅಂಟು ವರ್ಷ ಕಳೆದಂತೆ ಹಳದಿಯಾಗಿ ಫೋಟೊವನ್ನು ತಿನ್ನುತ್ತದೆ, ಅಲ್ಲೇ ಬಿಡಬಾರದು. ಮೊದಲು ಪುಟವನ್ನು ಇದ್ದ ಹಾಗೇ ಸ್ಕ್ಯಾನ್ ಮಾಡಿ, ಏಕೆಂದರೆ ಜೋಡಿಸಿದ ಕ್ರಮ ಅಜ್ಜಿಯದು. ಆಮೇಲೆ ಹಲ್ಲಿನ ಸಂದಿಗೆ ಬಳಸುವ ಮೇಣವಿಲ್ಲದ ನೂಲನ್ನು ಫೋಟೊ ಹಿಂದೆ ತೂರಿಸಿ, ಗರಗಸದಂತೆ ನಿಧಾನಕ್ಕೆ ಎಳೆಯುತ್ತ ಬನ್ನಿ. ಬರಲಿಲ್ಲವೆಂದರೆ ನಿಲ್ಲಿಸಿ, ಬಲ ಹಾಕಬೇಡಿ.

ಫೋಟೊಗೆ 600 ಡಿಪಿಐ, ಪಾಸ್‌ಪೋರ್ಟ್ ಅಳತೆಯದಕ್ಕೆ 1200, ಪತ್ರಕ್ಕೆ ಬಣ್ಣದಲ್ಲಿ 400 ಸಾಕು. ಪತ್ರದ ವಿಳಾಸದ ಬದಿ ಬಿಡಬೇಡಿ. ಮೂಲವನ್ನು ಟಿಫ್ (ಗುಣಮಟ್ಟ ಕುಗ್ಗಿಸದ ಚಿತ್ರ ಫೈಲ್) ಆಗಿ ಇಡಿ. ವಾಟ್ಸಾಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಗಾತ್ರ ಇಳಿಯುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ. ಹರಿದ ಮಡಿಕೆಗೆ ಸೆಲ್ಲೋಟೇಪ್ ಬೇಡ, ಲ್ಯಾಮಿನೇಷನ್ ಬೇಡವೇ ಬೇಡ. ಫೋಟೊ ಹಿಂದೆ ಹೆಸರು ಬರೆಯುವುದಾದರೆ ಮೆತ್ತನೆ ಪೆನ್ಸಿಲ್.

ಟ್ರಂಕಿನ ಮುಚ್ಚಳವನ್ನೂ ಗಮನಿಸಿ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಮುಚ್ಚಳಕ್ಕೆ ತಾಗಿದಂತೆ ಅಡ್ಡ ಹಿಡಿಯಿರಿ. ಈಗಿನ ಬಿಳಿ ಅಕ್ಷರಗಳ ಕೆಳಗೆ, ಪ್ರತಿ ಬದಲಿಗೂ ಮೇಲೆ ಬಳಿದ ಕಪ್ಪು ಬಣ್ಣದಡಿ, ಹಳೆಯ ರ‍್ಯಾಂಕು, ಪಡೆ, ಕೆಲವೊಮ್ಮೆ ರೈಲ್ವೆ ಸ್ಟೇಷನ್ ಹೆಸರು ಉಬ್ಬಿ ಕಾಣುತ್ತದೆ. ಆ ನೆರಳಿನಲ್ಲೇ ಫೋಟೊ ತೆಗೆಯಿರಿ.

ಆರೈಕೆಯವಳು

ಕಾಯಿಲೆಯ ದಿನಗಳ ಮಾತನ್ನು ಖಂಡಿತ ಹಾಕಿ, ಆದರೆ ಬೇರೆ ಅಕ್ಷರದಲ್ಲಿ, ಬೇರೆಯಾಗಿ. ಆಲ್ಝೈಮರ್ ಸಾಮಾನ್ಯವಾಗಿ ಮೊದಲು ಹಿಡಿಯುವುದು ಮೆದುಳಿನ ಹಿಪೊಕ್ಯಾಂಪಸ್ ಭಾಗವನ್ನು. ಹೊಸದು ಒಳಗೆ ಇಳಿಯುವುದೇ ನಿಲ್ಲುತ್ತದೆ, ಹರೆಯದ ನೆನಪು ಬಹುಕಾಲ ಉಳಿಯುತ್ತದೆ. ಮೊಮ್ಮಗಳನ್ನು ತಂಗಿಯ ಹೆಸರಿಂದ ಕರೆಯುವುದು, 'ಇವರು ರಜಾ ಮೇಲೆ ಯಾವತ್ತು ಬರ್ತಾರೆ' ಎಂದು ಕೇಳುವುದು ಅದಕ್ಕೇ. ನಿಮ್ಮ ಅತ್ತೆ, ಚಿಕ್ಕಪ್ಪಂದಿರಿಗೆ ಇದನ್ನು ಬಿಡಿಸಿ ಹೇಳಿ; 'ನನ್ನನ್ನೇ ಮರೆತರು' ಎಂಬ ನೋವು ಎಷ್ಟೋ ಮನೆಗಳಲ್ಲಿ ಹಾಗೇ ಉಳಿದುಬಿಡುತ್ತದೆ.

ಖಾಲಿ ಜಾಗವನ್ನು ಮೆದುಳು ತಾನೇ ತುಂಬಿಕೊಳ್ಳುವುದೂ ಉಂಟು. ಅದು ಸುಳ್ಳಲ್ಲ, ಹೇಳುವವರಿಗೆ ಅದು ನಿಜವೇ. ಹಾಗಾಗಿ ಊರು, ಇಸವಿ, ಹೆಸರನ್ನು ಟಿಸಿ ಜೊತೆ ತಾಳೆ ನೋಡದೆ ಬರೆಯಬೇಡಿ. ಪತ್ರಕ್ಕೆ ಕಾದದ್ದು, ಒಬ್ಬರೇ ಹೆರಿಗೆಗೆ ಹೋದದ್ದು, ಟೆಲಿಗ್ರಾಂ ಎಂದರೆ ಎದೆ ಝಲ್ಲೆಂದದ್ದು, ಇಂಥ ಭಾವವನ್ನು ನಂಬಬಹುದು.

ಸಂಜೆಯಾದರೆ ಬಟ್ಟೆ ಗಂಟು ಕಟ್ಟಿ 'ಮನೆಗೆ ಹೋಗೋಣ' ಎನ್ನುವುದು ಈ ಕಾಯಿಲೆಯಲ್ಲಿ ಬಹಳ ಸಾಮಾನ್ಯ. ಕೈಯ ಅಭ್ಯಾಸಗಳ ನೆನಪು ಇರುವುದು ಮೆದುಳಿನ ಬೇರೆ ಭಾಗದಲ್ಲಿ, ಹೆಸರುಗಳು ಹೋದ ಮೇಲೂ ಅದು ಉಳಿಯುತ್ತದೆ. ಅಜ್ಜಿ ಸೀರೆ ಮಡಿಸುವ, ಹಗ್ಗಕ್ಕೆ ಗಂಟು ಹಾಕುವ ವಿಡಿಯೊ ಯಾರ ಫೋನಿನಲ್ಲಾದರೂ ಇದೆಯೇ ಕೇಳಿ. ಹಾಸಿಗೆ ಹಿಡಿದ ಕೊನೆಯ ದಿನಗಳ ಫೋಟೊ ಮಾತ್ರ ಬೇಡ, ಅವರನ್ನು ಕೇಳಿ ತೆಗೆದದ್ದಲ್ಲ ಅದು.

ಮರಣ ಕಾರಣದಲ್ಲಿ 'ಆಸ್ಪಿರೇಷನ್ ನ್ಯುಮೋನಿಯ' ಎಂದಿದ್ದರೆ ಅದಕ್ಕೊಂದು ಪ್ಯಾರಾ ಬರೆಯಿರಿ. ಕೊನೆ ಹಂತದಲ್ಲಿ ನುಂಗುವ ಕ್ರಿಯೆಯೇ ಕೆಟ್ಟು ಎಂಜಲು, ಗಂಜಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಎಷ್ಟು ಎಚ್ಚರದಿಂದ ಕೂರಿಸಿ ತಿನ್ನಿಸಿದರೂ ಆಗುತ್ತದೆ. ಇದು ತಿಳಿಯದೆ 'ಅವತ್ತು ಗಂಜಿ ಕೊಟ್ಟದ್ದು ಯಾರು' ಎಂದು ಅಣ್ಣತಮ್ಮಂದಿರ ನಡುವೆ ಮಾತು ಬಿಟ್ಟುಹೋಗುತ್ತದೆ.

ಹೇಮಾವತಿ ತೀರ

ಎಲ್ಲರಿಗೂ ತುಂಬಾ ಧನ್ಯವಾದ. ಟಿಸಿಗಳು ದೊಡ್ಡಪ್ಪನ ಮನೆಯಲ್ಲಿವೆ. ಒಂದು ಉಳಿಯಿತು: ಪಿಂಚಣಿ ಕಾಗದದ ಕಟ್ಟೂ ಇದೆ. ಅದು ಪುಸ್ತಕಕ್ಕೆ ಬೇಕೇ?

ಕಡತ ಬಲ್ಲವ

ಬೇಕು. ಕುಟುಂಬ ಪಿಂಚಣಿ ನಿಲ್ಲಿಸಲು ಇನ್ನೂ ತಿಳಿಸಿಲ್ಲವಾದರೆ ಮೊದಲು ಆ ಕೆಲಸ ಮುಗಿಸಿ. ತೀರಿಕೊಂಡ ನಂತರ ಜಮೆಯಾದ ಹಣವನ್ನು ವಾಪಸ್ ಪಡೆಯುತ್ತಾರೆ. ಪಿಪಿಓ (ಪಿಂಚಣಿ ಮಂಜೂರಾತಿ ಆದೇಶ), ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಯಾವುದನ್ನೇ ಹಿಂದಿರುಗಿಸುವುದಿದ್ದರೂ ಎರಡೂ ಬದಿ ಸ್ಕ್ಯಾನ್ ಮಾಡಿಕೊಳ್ಳಿ.

ಆ ಕಟ್ಟಿನಲ್ಲಿ ಪ್ರತಿ ನವೆಂಬರ್ ಕೊಟ್ಟ ಜೀವಂತ ಪ್ರಮಾಣಪತ್ರಗಳ ಜೆರಾಕ್ಸ್ ಇರಬಹುದು. ಸಹಿಯನ್ನಷ್ಟೇ ಕತ್ತರಿಸಿ ವರ್ಷದ ಕ್ರಮದಲ್ಲಿ ಒಂದೇ ಪುಟದಲ್ಲಿ ಇಡಿ. ಮೊದಮೊದಲು ಪೂರ್ತಿ ಹೆಸರು, ಗಂಡನ ಹೆಸರಿನ ಮೊದಲಕ್ಷರದೊಂದಿಗೆ. ಆಮೇಲೆ ಒತ್ತಕ್ಷರ ಬಿಟ್ಟುಹೋಗುತ್ತದೆ, ಸಾಲು ಕೆಳಗೆ ಜಾರುತ್ತದೆ, ಒಂದು ವರ್ಷ ಬರೀ ಮೊದಲ ಅಕ್ಷರ. ಕೊನೆಕೊನೆಗೆ ನೀಲಿ ಶಾಯಿಯ ಹೆಬ್ಬೆಟ್ಟು. ಆ ಪುಟದ ಕೆಳಗೆ ಏನೂ ಬರೆಯಬೇಡಿ, ಇಸವಿಗಳಷ್ಟೇ ಇರಲಿ.