‘ಟ್ರ್ಯಾಕ್ ಮ್ಯಾನೇಜರ್’: ಓಟದ ದಾರಿ ಹದಗೊಳಿಸುವವನಿಗೆ ಕನ್ನಡದ ಹೆಸರು

ಅಮೆರಿಕದ ಹಾರ್ನೆಸ್ ರೇಸಿಂಗ್, ಅಂದರೆ ಸಲ್ಕಿ ಎಂಬ ಎರಡು ಗಾಲಿಯ ಹಗುರ ಗಾಡಿಗೆ ಕುದುರೆ ಹೂಡಿ ಓಡಿಸುವ ಪಂದ್ಯದಲ್ಲಿ, ಓಟದ ದಾರಿಯನ್ನು ಕಾಯುವುದನ್ನೇ ಕಸುಬಾಗಿಸಿಕೊಂಡವರ ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ಗಾಡಿ ಓಡಿಸುವವನನ್ನು ‘ಸಾರಥಿ’ ಎನ್ನಲು ನನಗೆ ಅಳುಕಿಲ್ಲ. ಬೆನ್ನೇರುವ ಜಾಕಿಗೆ ಸಲ್ಲುವ ‘ಸವಾರ’ ಇಲ್ಲಿ ಒಪ್ಪುವುದಿಲ್ಲ. ತೊಡಕಿರುವುದು ‘ಟ್ರ್ಯಾಕ್ ಮ್ಯಾನೇಜರ್’ ಎಂಬ ಮಾತಿನಲ್ಲಿ.

‘ವ್ಯವಸ್ಥಾಪಕ’ ಎಂದೊಡನೆ ಟಿಕೆಟ್ಟು, ಬಹುಮಾನದ ಹಣ, ಪಂದ್ಯದ ದಿನಗಳ ಲೆಕ್ಕ ನೋಡುವ ಅಧಿಕಾರಿ ಕಣ್ಣಮುಂದೆ ಬರುತ್ತಾನೆ. ನನಗೆ ಬೇಕಾದವನು ನೆಲದ ಮನುಷ್ಯ. ಜಲ್ಲಿಯ ತಳದ ಮೇಲೆ ಹರಡಿದ ಕಲ್ಲುಪುಡಿಗೆ ಎಷ್ಟು ನೀರು ಚಿಮುಕಿಸಬೇಕು, ಮಳೆ ಮೋಡ ಕಂಡಾಗ ಮೇಲ್ಪದರವನ್ನು ಎಷ್ಟು ಬಿಗಿ ಮಾಡಬೇಕು, ತಿರುವುಗಳಲ್ಲಿ ಗಾಡಿ ಹೊರಕ್ಕೆ ಜಾರದಂತೆ ಇಳಿಜಾರನ್ನು ಹೇಗೆ ಕಾಯ್ದುಕೊಳ್ಳಬೇಕು ಎಂಬುದೇ ಅವನ ವಿದ್ಯೆ. 1940ರಲ್ಲಿ ನ್ಯೂಯಾರ್ಕಿನ ರೂಸ್‌ವೆಲ್ಟ್ ರೇಸ್‌ವೇ ದೀಪದ ಬೆಳಕಿನಲ್ಲಿ ರಾತ್ರಿ ಪಂದ್ಯಗಳನ್ನು ಆರಂಭಿಸಿತು. ಅಂಥ ಕಡೆ ಒಂದೊಂದು ಓಟ ಮುಗಿದಾಗಲೂ ಗಾಲಿ ಮತ್ತು ಗೊರಸಿನ ಗುರುತುಗಳನ್ನು ಅಳಿಸಿ, ಮುಂದಿನ ಓಟಕ್ಕೆ ದಾರಿಯನ್ನು ಸಮಗೊಳಿಸಬೇಕು.

ಕಂಬಳದ ‘ಕರೆ’ ಮೊದಲು ನೆನಪಾಯಿತು. ಆದರೆ ಅದು ಕೋಣಗಳು ಓಡುವ ಕೆಸರಿನ ದಾರಿ. ಗಟ್ಟಿ ನೆಲಕ್ಕೆ ಆ ಹೆಸರಿಟ್ಟರೆ ಕರಾವಳಿಯವರು ಒಪ್ಪಲಾರರು. ಈಗ ನನ್ನ ಮನಸ್ಸು ‘ಕಣ’ದ ಕಡೆಗಿದೆ. ಸುಗ್ಗಿಗೆ ಮುನ್ನ ರೈತರು ‘ಕಣ ಮಾಡುವಾಗ’ ನೆಲ ಕೆತ್ತಿ, ನೀರು ಹಾಕಿ, ಗುಂಡು ಉರುಳಿಸಿ, ಬಿರುಕು ಬಿಡದಂತೆ ನೋಡಿಕೊಳ್ಳುವ ಕೆಲಸಕ್ಕೂ ಇವನ ಕೆಲಸಕ್ಕೂ ಹೋಲಿಕೆ ಬಹಳ. ಸ್ಪರ್ಧೆಯ ಜಾಗವೆಂಬ ಅರ್ಥವಂತೂ ಆ ಪದಕ್ಕೆ ಇದ್ದೇ ಇದೆ. ಹಾಗಾದರೆ ‘ಕಣಗಾರ’ ಎನ್ನಬಹುದೇ?

ಇನ್ನೊಂದು ಎಚ್ಚರಿಕೆ ‘ನಾಗಾಲೋಟ’ದ ಬಗ್ಗೆ. ವೇಗವನ್ನು ಹೊಗಳಲು ನಾವು ಧಾರಾಳವಾಗಿ ಬಳಸುವ ಈ ಪದ ಇಲ್ಲಿ ತಪ್ಪಿನ ಹೆಸರಾಗುತ್ತದೆ. ಈ ಪಂದ್ಯದ ಕುದುರೆ ಟ್ರಾಟ್ ಅಥವಾ ಪೇಸ್ ಎಂಬ ನಡೆಯಲ್ಲೇ ಓಡಬೇಕು. ನಾಗಾಲೋಟಕ್ಕೆ ಬಿದ್ದರೆ ಸಾರಥಿ ಅದನ್ನು ಹಿಡಿದೆಳೆದು ಮರಳಿ ನಡೆಗೆ ತರಬೇಕು. ಟ್ರಾಟ್‌ನಲ್ಲಿ ಎದುರುಬದುರು ಮೂಲೆಯ ಕಾಲುಗಳು ಜೊತೆಯಾದರೆ, ಪೇಸ್‌ನಲ್ಲಿ ಒಂದೇ ಮಗ್ಗುಲಿನ ಎರಡು ಕಾಲುಗಳು ಜೊತೆಯಾಗುತ್ತವೆ. ಮೊದಲನೆಯದಕ್ಕೆ ‘ಕುಕ್ಕುಲೋಟ’ ಎಂದಿಟ್ಟುಕೊಂಡಿದ್ದೇನೆ, ಎರಡನೆಯದಕ್ಕೆ ‘ಮಗ್ಗುಲೋಟ’ ಎಂದು ನಾನೇ ಕಟ್ಟಿಕೊಂಡಿದ್ದೇನೆ.

ಹುಡುಕುವಾಗ ಸಂತೋಷ ಕೊಟ್ಟ ಸಂಗತಿಯೊಂದನ್ನು ಹೇಳಿಬಿಡುತ್ತೇನೆ. ವೃತ್ತಿಜೀವನ ಎಂಬರ್ಥದ ಇಂಗ್ಲಿಷಿನ ‘ಕೆರಿಯರ್’ (career) ಮೂಲತಃ ಫ್ರೆಂಚಿನಿಂದ ಬಂದ, ಓಟದ ಕಣವೆಂಬ ಅರ್ಥದ ಪದ. ನಮ್ಮ ‘ವೃತ್ತಿ’ಯೂ ‘ವೃತ್ತ’ವೂ ತಿರುಗುವ ಅರ್ಥದ ‘ವೃತ್’ ಧಾತುವಿನಿಂದಲೇ ಹುಟ್ಟಿವೆ. ಆದ್ದರಿಂದ ಈ ಲೇಖನದಲ್ಲಿ ‘ವೃತ್ತಿಜೀವನ’ವನ್ನು ಬಿಟ್ಟು ಬೇರೆ ಪದ ಬಳಸಲು ನನಗೆ ಮನಸ್ಸಿಲ್ಲ.

ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಕುದುರೆ ಗಾಡಿಯ ಶರ್ಯತ್ತುಗಳನ್ನು ಕಂಡವರಲ್ಲಿ ನನ್ನ ಕೇಳಿಕೆ ಇದು: ಓಟದ ದಾರಿಯನ್ನು ಹದ ಮಾಡುವವರನ್ನು ನಿಮ್ಮ ಊರಿನಲ್ಲಿ ಏನೆಂದು ಕರೆಯುತ್ತಾರೆ? ಆಡುವ ಪದವೊಂದು ಈಗಾಗಲೇ ಇದ್ದರೆ ‘ಕಣಗಾರ’ನನ್ನು ಕೈಬಿಟ್ಟು ಅದನ್ನೇ ಬಳಸುತ್ತೇನೆ.